ಜೀರಿಗೆಯ ಒಂಬತ್ತು ದಿನ

ನಮ್ಮ ಮನೆಯ ಅಡುಗೆಮನೆ ಬಾಗಿಲ ಹಿಂದೆ ನೇತುಹಾಕಿರುವ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬದಲಿಸಿದ ದಿನ, ತೋಟಕ್ಕೆ ಔಷಧಿ ಹೊಡೆಸಿದ ದಿನ, ಹೀಗೆ ಎಲ್ಲವನ್ನೂ ಬರೆದಿಡುವುದು ರೂಢಿ. ಕಳೆದ ವರ್ಷದ ಜುಲೈ ಪುಟದಲ್ಲಿ ಇವುಗಳ ನಡುವೆ ಕೆಂಪು ಶಾಯಿಯ ಆರು ಅಂಕಿಗಳಿವೆ: 104.4, 104.1, 104.6, 103.8, 101, 97. ಅವು ನಮ್ಮ ಬೆಕ್ಕು ಜೀರಿಗೆಯ ಮೈ ಬಿಸಿಯ ಅಂಕಿಗಳು. ಮೊದಲ ಮೂರು ದಿನ ನಾವು ಅಳೆದಿರಲೇ ಇಲ್ಲ. ಅದು ಯಾವ ಕಾಯಿಲೆಯಿಂದ ಸತ್ತಿತು ಎಂಬುದು ನಮಗೆ ಇಂದಿಗೂ ತಿಳಿದಿಲ್ಲ, ಇನ್ನು ಮುಂದೆ ತಿಳಿಯುವ ದಾರಿಯೂ ಇಲ್ಲ.

ಜೀರಿಗೆ ಹುಟ್ಟಿದ್ದು ನಮ್ಮ ಕೊಟ್ಟಿಗೆಯ ಹುಲ್ಲಟ್ಟದಲ್ಲಿ. ಹುರಿದ ಜೀರಿಗೆಯ ಬಣ್ಣದ ಮೈ, ಅದರ ಮೇಲೆ ಕಪ್ಪು ಪಟ್ಟೆ, ಎಡಗಿವಿಯ ತುದಿಯಲ್ಲಿ ಹಳೆಯ ಜಗಳವೊಂದರಲ್ಲಿ ಹರಿದುಹೋದ ಸಣ್ಣ ಕಚ್ಚು. ಸಾಯುವಾಗ ಅದಕ್ಕೆ ಮೂರು ವರ್ಷ. ಶಿವಮೊಗ್ಗ ಜಿಲ್ಲೆಯ ಸಾಗರದ ಸುತ್ತಿನ ಅಡಿಕೆ ತೋಟದ ಮನೆಗಳಲ್ಲಿ ಬೆಕ್ಕು ಅಲಂಕಾರಕ್ಕೆ ಇರುವುದಲ್ಲ. ಅಡಿಕೆ ಚೀಲಗಳಿರುವ ಕೋಣೆಯನ್ನೂ ಭತ್ತದ ಪಣತವನ್ನೂ ಇಲಿಗಳಿಂದ ಕಾಯುವ ಕೆಲಸ ಅದರದ್ದು, ಅದಕ್ಕೆ ಪ್ರತಿಯಾಗಿ ಬಚ್ಚಲಿನ ಬಾಗಿಲ ಬಳಿಯ ಕರಟದಲ್ಲಿ ಎರಡು ಹೊತ್ತು ಹಾಲು, ಮಧ್ಯಾಹ್ನ ಮೊಸರನ್ನ. ಮಳೆಗಾಲ ಬಂತೆಂದರೆ ಅದು ಬಚ್ಚಲೊಲೆಯ ಪಕ್ಕದ ಬೆಚ್ಚನೆಯ ಕಟ್ಟೆ ಬಿಟ್ಟು ಕದಲುತ್ತಿರಲಿಲ್ಲ. ಅದರ ಕಾಯಿಲೆ ನಮ್ಮ ಗಮನಕ್ಕೆ ತಡವಾಗಿ ಬಂದುದಕ್ಕೆ ಇದೂ ಒಂದು ಕಾರಣ, ಏಕೆಂದರೆ ಆಷಾಢದ ಮಳೆಯಲ್ಲಿ ಆರೋಗ್ಯವಂತ ಬೆಕ್ಕು ಮತ್ತು ಕಾಯಿಲೆಯ ಬೆಕ್ಕು ಎರಡೂ ಒಲೆಯ ಬಳಿ ಮುದುಡಿ ಮಲಗಿ ಒಂದೇ ರೀತಿ ಕಾಣುತ್ತವೆ.

ಮೊದಲ ದಿನ ಕರಟದ ಹಾಲು ಹಾಗೆಯೇ ಉಳಿದಿತ್ತು. ಎಲ್ಲೋ ಇಲಿ ತಿಂದು ಹೊಟ್ಟೆ ತುಂಬಿರಬೇಕು ಎಂದುಕೊಂಡೆ. ಎರಡನೆಯ ದಿನವೂ ಹಾಲು ಕೆನೆಗಟ್ಟಿ ಉಳಿದಾಗ ಅಂಗಳದ ಹುಲ್ಲು ತಿಂದು ವಾಂತಿ ಮಾಡಿಕೊಂಡು ಸರಿಯಾಗುತ್ತದೆ ಎಂದು ನನ್ನ ಅತ್ತೆ ಹೇಳಿದರು, ಹಿಂದೆ ಎಷ್ಟೋ ಸಲ ಹಾಗೆ ಸರಿಯಾದದ್ದೂ ಉಂಟು. ಮೂರನೆಯ ದಿನ ಸಂಜೆ ಅದನ್ನು ಎತ್ತಿಕೊಂಡಾಗ ಕೈಗೆ ತೂಕವೇ ಸಿಗಲಿಲ್ಲ. ಕಣ್ಣಿನ ಒಳಮೂಲೆಯಿಂದ ಬಿಳಿಯ ಪೊರೆಯೊಂದು ಅರ್ಧ ಕಣ್ಣಿನವರೆಗೆ ಎಳೆದುಕೊಂಡಿತ್ತು. ಬೆಕ್ಕಿಗೆ ಮೂರನೆಯ ರೆಪ್ಪೆ ಇರುತ್ತದೆಂದೂ, ಮೈ ಸೋತಾಗ ಅದು ಹೀಗೆ ಹೊರಗೆ ಕಾಣಿಸುತ್ತದೆಂದೂ ನನಗೆ ತಿಳಿದದ್ದು ಮರುದಿನ. ಆ ಮೂರು ದಿನಗಳ ಬಗ್ಗೆ ನಾನು ನನ್ನೊಳಗೆ ನಡೆಸಿದ ವಿಚಾರಣೆಗೆ ಲೆಕ್ಕವಿಲ್ಲ. ಬೆಕ್ಕು ತನ್ನ ನೋವನ್ನು ಅಡಗಿಸಿಡುವ ಪ್ರಾಣಿ ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ಆದರೆ ಅದು ಅಡಗಿಸಿಡಲಿಲ್ಲ, ಕರಟದ ಹಾಲನ್ನು ಬಿಟ್ಟು ಸ್ಪಷ್ಟವಾಗಿಯೇ ಹೇಳಿತ್ತು.

ನಾಲ್ಕನೆಯ ದಿನ ಸಾಗರದ ಪಶುವೈದ್ಯರ ಬಳಿಗೆ ಒಯ್ದೆವು. ಎರಡು ಪ್ಲಾಸ್ಟಿಕ್ ಬುಟ್ಟಿಗಳನ್ನು ಒಂದರ ಮೇಲೊಂದು ಕವುಚಿ ಸುತ್ತಲೂ ಹಗ್ಗ ಬಿಗಿದು ಮಾಡಿದ ಪೆಟ್ಟಿಗೆಯೇ ಅದರ ವಾಹನ. ಬೆಕ್ಕಿನ ಸಹಜ ಉಷ್ಣತೆ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದಕ್ಕೆ ಅಂದು 104.4 ಇತ್ತು. ವೈದ್ಯರು ಹೆಗಲ ಮೇಲಿನ ಚರ್ಮವನ್ನು ಚಿವುಟಿ ಎತ್ತಿ ಬಿಟ್ಟರು. ಆ ಮಡಿಕೆ ಕೂಡಲೇ ಇಳಿಯದೆ ಗುಡಾರದಂತೆ ನಿಂತೇ ಇತ್ತು. ಮೈಯ ನೀರು ಬತ್ತಿದರೆ ಹೀಗಾಗುತ್ತದೆ ಎಂದರು. ಚರ್ಮದ ಕೆಳಗೆ ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ ದ್ರವ ಬಿಟ್ಟಾಗ ಜೀರಿಗೆಯ ಹೆಗಲ ಬಳಿ ಒಂದು ಮೃದುವಾದ ಗಂಟು ಎದ್ದು, ಅದು ಸಂಜೆಯವರೆಗೆ ಹೊಟ್ಟೆಯ ಕಡೆಗೆ ನಿಧಾನವಾಗಿ ಜಾರಿತು. ಹೊರಡುವಾಗ ಅವರು ಕರೆದು ಹೇಳಿದ ಮಾತೊಂದನ್ನು ಇಲ್ಲಿ ಬರೆದಿಡಬೇಕು: ಜ್ವರ ಇದೆಯೆಂದು ಮನುಷ್ಯರ ಪ್ಯಾರಾಸಿಟಮಾಲ್ ಮಾತ್ರ ಕೊಡಬೇಡಿ. ಅದನ್ನು ನಿರಪಾಯ ಮಾಡುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ, ಕೊಟ್ಟರೆ ರಕ್ತವೇ ಆಮ್ಲಜನಕವನ್ನು ಹೊರಲಾರದಂತಾಗುತ್ತದೆ, ಒಂದೇ ಮಾತ್ರೆಯಲ್ಲಿ ಸಾಯಬಹುದು. ಅಂದೇ ರಾತ್ರಿ ಕೆಳಗಿನ ಮನೆಯ ಭಾವ ಫೋನ್ ಮಾಡಿ, ಕಾಲು ಮಾತ್ರೆ ಅರೆದು ಹಾಲಿನಲ್ಲಿ ಕೊಡಿ ಎಂದು ಅತ್ಯಂತ ಪ್ರೀತಿಯಿಂದಲೇ ಸಲಹೆ ಕೊಟ್ಟರು.

ಆರನೆಯ ದಿನ ಬೆಳಿಗ್ಗೆ ಕಿವಿಯ ಒಳಭಾಗ ಅರಿಶಿನದ ನೀರಿನಲ್ಲಿ ಅದ್ದಿದಂತೆ ಕಂಡಿತು. ಆಕಾಶ ಹರಿದಂತೆ ಮಳೆ ಸುರಿಯುತ್ತಿತ್ತು. ಆನಂದಪುರ, ಆಯನೂರು ದಾಟಿ ಶಿವಮೊಗ್ಗ ತಲುಪುವ ಹೊತ್ತಿಗೆ ಹನ್ನೊಂದು ಗಂಟೆ. ಅಲ್ಲಿನ ಒಂದು ಖಾಸಗಿ ಚಿಕಿತ್ಸಾಲಯದಲ್ಲಿ ರಕ್ತ ಪರೀಕ್ಷೆ, ಎಕ್ಸ್‌ರೇ, ಹೊಟ್ಟೆಯ ಸ್ಕ್ಯಾನಿಂಗ್ ಎಲ್ಲವೂ ಆದವು. ಯಕೃತ್ತು ಸ್ವಲ್ಪ ಊದಿದೆ, ಹೊಟ್ಟೆಯಲ್ಲಿ ನೀರು ತುಂಬಿಲ್ಲ, ಹೃದಯದ ಗಾತ್ರ ಸರಿಯಾಗಿದೆ, ಕಾಮಾಲೆಯ ಹಳದಿಗೆ ಕಾರಣವಾದ ಬಿಲಿರುಬಿನ್ ಬಹಳ ಏರಿದೆ, ರಕ್ತ ಕಡಿಮೆಯಾಗಿದೆ, ಬಿಳಿಯ ರಕ್ತಕಣಗಳು ಹೆಚ್ಚಾಗಿವೆ. ಇಷ್ಟೆಲ್ಲ ತಿಳಿದ ಮೇಲೂ ರೋಗಕ್ಕೆ ಹೆಸರು ಸಿಗಲಿಲ್ಲ. ಅಲ್ಲಿನ ವೈದ್ಯರು ಚಿಕ್ಕ ವಯಸ್ಸಿನವರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವ ಧೈರ್ಯವುಳ್ಳವರು. ಆ ಧೈರ್ಯವನ್ನು ಅಂದು ನಾನು ಮೆಚ್ಚಲಿಲ್ಲ, ಇಂದು ಮೆಚ್ಚುತ್ತೇನೆ.

ಅವರು ಹಾಳೆಯ ಹಿಂಬದಿಯಲ್ಲಿ ಬರೆದು ವಿವರಿಸಿದ ಸಾಧ್ಯತೆಗಳು ಹಲವಾರಿದ್ದವು. ಚಿಗಟದ ಮೂಲಕ ಬರುವ, ಕೆಂಪು ರಕ್ತಕಣಗಳಿಗೆ ಅಂಟಿಕೊಳ್ಳುವ ಸೂಕ್ಷ್ಮಜೀವಿ ಇರಬಹುದು. ಗಾಜಿನ ಮೇಲೆ ಹಚ್ಚಿ ನೋಡಿದ ರಕ್ತದಲ್ಲಿ ಅದು ಕಾಣಲಿಲ್ಲ, ಆದರೆ ಕಾಣದಿದ್ದರೆ ಇಲ್ಲವೆಂದು ಅರ್ಥವಲ್ಲವಾದ್ದರಿಂದ ಪಿಸಿಆರ್ ಪರೀಕ್ಷೆಗೆ ರಕ್ತವನ್ನು ಬೆಂಗಳೂರಿಗೆ ಕಳುಹಿಸಬೇಕು. ಯಾವುದೋ ವಿಷ ಹೊಟ್ಟೆಗೆ ಹೋಗಿರಬಹುದು. ಮೊದಲು ಬೇರಾವುದೋ ಸಣ್ಣ ತೊಂದರೆಯಿಂದ ಊಟ ಬಿಟ್ಟು, ಊಟ ಬಿಟ್ಟದ್ದರಿಂದಲೇ ಯಕೃತ್ತಿನಲ್ಲಿ ಕೊಬ್ಬು ಶೇಖರವಾಗಿ ಹೀಗಾಗಿರಬಹುದು. ಬೆಕ್ಕಿನ ಉಪವಾಸ ನಾಯಿಯ ಉಪವಾಸದಂತಲ್ಲ, ಕೆಲವೇ ದಿನಗಳಲ್ಲಿ ಅದು ಯಕೃತ್ತನ್ನೇ ಕೆಡಿಸಬಲ್ಲದು. ಕೊನೆಯದಾಗಿ ಎಫ್‌ಐಪಿ, ಅಂದರೆ ಫಿಲೈನ್ ಇನ್ಫೆಕ್ಷಿಯಸ್ ಪೆರಿಟೊನೈಟಿಸ್.

ಎಫ್‌ಐಪಿ ಎಂಬ ಮೂರಕ್ಷರವನ್ನು ನಾನು ಮೊದಲು ಕೇಳಿದ್ದು ಅಲ್ಲಿಯೇ. ಬೆಕ್ಕುಗಳ ಕರುಳಿನಲ್ಲಿ ಸಾಮಾನ್ಯವಾಗಿ ಇರುವ, ಹೆಚ್ಚೆಂದರೆ ಸ್ವಲ್ಪ ಭೇದಿ ಉಂಟುಮಾಡುವ ಒಂದು ಕೊರೋನಾ ವೈರಸ್, ಕೆಲವೇ ಬೆಕ್ಕುಗಳ ಮೈಯಲ್ಲಿ ರೂಪ ಬದಲಿಸಿಕೊಂಡು ಮಾರಕವಾಗುತ್ತದೆ. ಅಮೆರಿಕದ ಪಶುವೈದ್ಯೆ ಜೀನ್ ಹೋಲ್ಜ್‌ವರ್ತ್ 1963ರಲ್ಲಿ ಇದನ್ನು ವಿವರಿಸಿದ ಮೇಲೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಇದಕ್ಕೆ ಮದ್ದೇ ಇರಲಿಲ್ಲ. 2019ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೀಲ್ಸ್ ಪೀಡರ್ಸನ್ ಮತ್ತು ಸಂಗಡಿಗರು ಜಿಎಸ್-441524 ಎಂಬ ಔಷಧವನ್ನು ಇದೇ ರೋಗದ 31 ಬೆಕ್ಕುಗಳಿಗೆ ಕೊಟ್ಟಾಗ 25 ಬೆಕ್ಕುಗಳು ಉಳಿದುಕೊಂಡವು. ಹೊಟ್ಟೆಯಲ್ಲಿ ನೀರು ತುಂಬುವ ಬಗೆಯಾದರೆ ಆ ನೀರನ್ನು ತೆಗೆದು ಪರೀಕ್ಷಿಸಿ ಬಹುಮಟ್ಟಿಗೆ ಗುರುತಿಸಬಹುದು. ನೀರಿಲ್ಲದ ಬಗೆಯನ್ನು ಗುರುತಿಸುವುದು ಬಹಳ ಕಷ್ಟ, ಖಚಿತವಾಗಿ ಹೇಳುವ ಒಂದೇ ರಕ್ತಪರೀಕ್ಷೆ ಎಂಬುದು ಇಲ್ಲ. ರಕ್ತದಲ್ಲಿರುವ ಆಲ್ಬುಮಿನ್ ಮತ್ತು ಗ್ಲಾಬ್ಯುಲಿನ್ ಎಂಬ ಪ್ರೋಟೀನುಗಳ ಅನುಪಾತ 0.4ಕ್ಕಿಂತ ಕಡಿಮೆಯಿದ್ದರೆ ಅನುಮಾನ ಬಲವಾಗುತ್ತದೆ, 0.8ಕ್ಕಿಂತ ಹೆಚ್ಚಿದ್ದರೆ ಕ್ಷೀಣವಾಗುತ್ತದೆ. ಜೀರಿಗೆಯದು 0.6 ಇತ್ತು. ಹೌದು ಮತ್ತು ಅಲ್ಲ ಎಂಬ ಎರಡು ಊರುಗಳ ನಡುವೆ, ಬಸ್ಸೇ ನಿಲ್ಲದ ಜಾಗದಲ್ಲಿ ನಿಂತಂತಿತ್ತು ಆ ಸಂಖ್ಯೆ. ಆ ಜಿಎಸ್ ಔಷಧದ ಮಾತ್ರೆಯನ್ನು 84 ದಿನ ಕೊಡಬೇಕು, ತರಿಸಲು ಮೂರ್ನಾಲ್ಕು ದಿನ ಹಿಡಿಯುತ್ತದೆ, ತರಿಸಲೇ ಎಂದು ವೈದ್ಯರು ಕೇಳಿದರು. ತರಿಸಿ ಎಂದೆವು.

ಮನೆಗೆ ಬಂದ ಮೇಲೆ ಬಚ್ಚಲೇ ಆಸ್ಪತ್ರೆಯಾಯಿತು. ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಮಾತ್ರೆ ನುಂಗಿಸಿದ ಕೂಡಲೇ ಸಿರಿಂಜಿನಲ್ಲಿ ಐದಾರು ಎಂಎಲ್ ನೀರು ಕುಡಿಸಬೇಕು, ಇಲ್ಲದಿದ್ದರೆ ಮಾತ್ರೆ ಅನ್ನನಾಳದಲ್ಲಿಯೇ ಅಂಟಿಕೊಂಡು ಹುಣ್ಣು ಮಾಡುತ್ತದೆ. ಹಸಿವು ಹುಟ್ಟಿಸಲು ಕೊಟ್ಟದ್ದು ಮಿರ್ಟಾಜಪೀನ್, ಮನುಷ್ಯರಿಗೆ ಖಿನ್ನತೆಗೆ ಕೊಡುವ ಮಾತ್ರೆ; ಅದನ್ನು ಎಂಟು ಚೂರು ಮಾಡಬೇಕು. ಅಡಿಕೆ ಸುಲಿದು ಅಭ್ಯಾಸವಿರುವ ನನ್ನ ಗಂಡ ಹೊಸ ಬ್ಲೇಡು ತಂದು, ವಿದ್ಯುತ್ ಇಲ್ಲದ ಆ ರಾತ್ರಿ ಟಾರ್ಚ್ ಬೆಳಕಿನಲ್ಲಿ ಸ್ಟೀಲ್ ತಟ್ಟೆಯ ಮೇಲೆ ಆ ಪುಟ್ಟ ಮಾತ್ರೆಯನ್ನು ಎರಡಾಗಿ, ನಾಲ್ಕಾಗಿ ಸೀಳಿದರು. ಎಂಟನ್ನು ಮಾಡಲು ಹೊರಟಾಗ ಒಂದು ಚೂರು ಪುಡಿಯಾಯಿತು, ಇನ್ನೊಂದು ಸಿಡಿದು ಒಲೆಯ ಬೂದಿಯಲ್ಲಿ ಬಿತ್ತು. ಬೂದಿಯಲ್ಲಿ ಬೆರಳಾಡಿಸುತ್ತ ಅವರು ಎಷ್ಟೋ ಹೊತ್ತು ಹುಡುಕಿದರು.

ಇದಕ್ಕಿಂತ ದೊಡ್ಡ ಸಂಕಟ ಆಹಾರದ್ದು. ಬೇಯಿಸಿದ ಕೋಳಿಯ ರಸ ಅಥವಾ ಕೊನೆಯ ಪಕ್ಷ ಮೊಟ್ಟೆಯನ್ನಾದರೂ ಕೊಡಬೇಕು ಎಂದು ವೈದ್ಯರು ಹೇಳಿದ್ದರು. ನಮ್ಮ ಮನೆಯೊಳಗೆ ನನಗೆ ತಿಳಿದಂತೆ ಮೊಟ್ಟೆ ಎಂದೂ ಬಂದದ್ದಿಲ್ಲ. ಜೀರಿಗೆ ತರುತ್ತಿದ್ದ ಇಲಿಗಳ ಲೆಕ್ಕ ಬೇರೆ. ಅತ್ತೆಯನ್ನು ಕೇಳುವುದು ಹೇಗೆಂದು ನಾನು ತಡವರಿಸುತ್ತಿರುವಾಗಲೇ ಅವರು, ಬಚ್ಚಲೊಲೆಯ ಮೇಲೆ ಬೇಯಿಸು, ಅಡುಗೆಮನೆಗೆ ತರಬೇಡ ಎಂದಷ್ಟೇ ಹೇಳಿ, ತೋಟದ ಕೆಲಸದವರಿಗೆ ಚಹಾ ಮಾಡುವ ಹಳೆಯ ಪಾತ್ರೆಯೊಂದನ್ನು ತಂದಿಟ್ಟರು. ನಾನು ಬೇಯಿಸಿದ ಮೊದಲ ಮೊಟ್ಟೆ ಅದು. ಎಷ್ಟು ಹೊತ್ತು ಬೇಯಿಸಬೇಕೆಂಬುದೂ ತಿಳಿಯದೆ ಅರ್ಧ ಗಂಟೆ ಕುದಿಸಿದ್ದೆ. ಅದರ ಹಳದಿಯನ್ನು ನೀರಿನಲ್ಲಿ ಕದಡಿ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಬಿಟ್ಟರೆ ಜೀರಿಗೆ ಎರಡು ಗುಟುಕು ನುಂಗಿ, ಮೂರನೆಯದನ್ನು ನನ್ನ ಸೀರೆಯ ಮೇಲೆಯೇ ಉಗಿಯಿತು. ಉಗಿಯುವಷ್ಟು ಶಕ್ತಿಯಿದೆಯಲ್ಲ ಎಂದು ಸಂತೋಷಪಟ್ಟೆವು.

ಎಂಟನೆಯ ದಿನ ಥರ್ಮಾಮೀಟರ್ 101 ತೋರಿಸಿತು. ನಾಲ್ಕು ದಿನ ಜಗ್ಗದಿದ್ದ ಜ್ವರ ಇಳಿದು ಸಹಜ ಮಟ್ಟಕ್ಕೆ ಬಂದಿತ್ತು. ನಾನು ಕ್ಯಾಲೆಂಡರಿನಲ್ಲಿ ಆ ಅಂಕಿಯನ್ನು ಬರೆದು ಸುತ್ತಲೂ ವೃತ್ತ ಎಳೆದೆ, ತೋಟದಲ್ಲಿದ್ದ ಗಂಡನಿಗೆ ಕೇಳಿಸುವಂತೆ ಕೂಗಿ ಹೇಳಿದೆ. ಜೀರಿಗೆ ನನ್ನ ತೊಡೆಯ ಮೇಲೆ ಗುರುಗುಡುತ್ತಲೂ ಇತ್ತು. ಬೆಕ್ಕು ಸುಖವಿದ್ದಾಗ ಮಾತ್ರವಲ್ಲ, ಸಂಕಟದಲ್ಲಿಯೂ ಗುರುಗುಡುತ್ತದೆ. ಇಳಿಯುತ್ತಿರುವ ಉಷ್ಣತೆ ಸಹಜ ಮಟ್ಟವನ್ನು ದಾಟಿಕೊಂಡೇ ಕೆಳಗೆ ಹೋಗಬೇಕು. ಈ ಎರಡು ಸಂಗತಿಗಳು ಆ ದಿನ ನನಗೆ ಗೊತ್ತಿರಲಿಲ್ಲ. ಗೊತ್ತಿರದಿದ್ದುದರಿಂದ ಒಂದು ಹಗಲು ಸುಖವಾಗಿ ಕಳೆಯಿತು ಎಂಬುದನ್ನೂ ಅಲ್ಲಗಳೆಯಲಾರೆ.

ಒಂಬತ್ತನೆಯ ದಿನ ಬೆಳಗಿಗೆ 97. ಫೋನಿನಲ್ಲಿ ವೈದ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ನೋವಿಲ್ಲದೆ ಕಳುಹಿಸಿಕೊಡುವ ದಾರಿಯೂ ಇದೆ, ಕರೆತರುವುದಾದರೆ ತನ್ನಿ ಎಂದರು. ನಾನು ಫೋನನ್ನು ಕೈಯಲ್ಲಿ ಹಿಡಿದೇ ಅತ್ತೆಯ ಮುಖ ನೋಡಿದೆ. "ಬೆಕ್ಕು ಕೊಂದ್ರೆ ಬಂಗಾರದ ಬೆಕ್ಕು ಮಾಡ್ಸಿ ಕಾಶಿಲಿ ದಾನ ಕೊಡವು ಹೇಳ್ತ. ಆ ಪಾಪ ನಂಗಕ್ಕೆ ಬ್ಯಾಡ, ಕೂಸೆ" ಎಂದರು. ಅದು ಬರಿಯ ನಂಬಿಕೆಯ ಮಾತಾಗಿರಲಿಲ್ಲ ಎಂದು ನನಗೆ ಅನಿಸುತ್ತದೆ. ಕಾರಣವೇ ಗೊತ್ತಿಲ್ಲದೆ ತೀರ್ಪು ಕೊಡಲು ಅವರಿಗೂ ಮನಸ್ಸಿರಲಿಲ್ಲ. ಎಪ್ಪತ್ತು ಕಿಲೋಮೀಟರ್ ಬುಟ್ಟಿಯಲ್ಲಿ ಕುಲುಕಿಸಿಕೊಂಡು ಹೋಗುವುದೂ ಹಿಂಸೆಯೇ ಎಂದು ನಾನೂ ಸುಮ್ಮನಾದೆ. ಆದರೆ ಮಧ್ಯಾಹ್ನದ ಮೇಲೆ ಅದು ಬಾಯಿ ತೆರೆದು ಉಸಿರಾಡತೊಡಗಿದಾಗ ನಮ್ಮ ನಿರ್ಧಾರ ತಪ್ಪು ಎಂದು ನನಗೆ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅತ್ತೆ ದೇವರ ಮುಂದಿನ ಪಂಚಪಾತ್ರೆಯನ್ನು ಹಿಡಿದು ಬಚ್ಚಲಿಗೆ ಬಂದರು. ಒಂದು ತುಳಸಿ ದಳವನ್ನು ಅದ್ದಿ ಜೀರಿಗೆಯ ತುಟಿಗೆ ತಾಗಿಸಿ, ಮೂರು ಹನಿ ನೀರು ಬಿಟ್ಟರು. ಎರಡು ಹನಿ ಮೀಸೆಯ ಗುಂಟ ಹೊರಗೆ ಜಾರಿದವು. ಅದಾಗಿ ಗಂಟೆಯೊಳಗೆ ಜೀವ ಹೋಯಿತು.

ರಾತ್ರಿ ವೈದ್ಯರಿಗೆ ತಿಳಿಸಿದಾಗ, ಕಾರಣ ತಿಳಿಯಬೇಕೆಂದಿದ್ದರೆ ಮರಣೋತ್ತರ ಪರೀಕ್ಷೆಯೊಂದೇ ದಾರಿ, ಶಿವಮೊಗ್ಗದಲ್ಲಿಯೇ ಪಶುವೈದ್ಯಕೀಯ ಕಾಲೇಜು ಇದೆ, ನಾಳೆ ಬೆಳಿಗ್ಗೆಯೇ ತರುವುದಾದರೆ ಮಾತನಾಡಿಡುತ್ತೇನೆ ಎಂದರು. ದೇಹವನ್ನು ತಂಪಾಗಿ ಇಡಬೇಕು, ಆದರೆ ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಬಾರದು, ಹೆಪ್ಪುಗಟ್ಟಿದರೆ ಒಳಗಿನ ಅಂಗಾಂಶ ಕೆಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಲು ಬರುವುದಿಲ್ಲ ಎಂದೂ ವಿವರಿಸಿದರು. ಅರ್ಧ ಗಂಟೆಯಲ್ಲಿ ಹೇಳುತ್ತೇನೆ ಎಂದೆ. ಆ ಅರ್ಧ ಗಂಟೆಯಲ್ಲಿ ನಾವು ಮೂವರೂ ಮಳೆಯ ಬಗ್ಗೆ, ರಸ್ತೆಗೆ ಬಿದ್ದಿರಬಹುದಾದ ಮರಗಳ ಬಗ್ಗೆ, ಕಾರಿನ ವೈಪರಿನ ಬಗ್ಗೆ ಮಾತನಾಡಿದೆವು. ಜೀರಿಗೆಯನ್ನು ಕೊಯ್ಯುವುದರ ಬಗ್ಗೆ ಒಬ್ಬರೂ ಮಾತನಾಡಲಿಲ್ಲ. ಬೇಡ ಎಂದು ತಿಳಿಸಿದೆ. ಮರುದಿನ ಬೆಳಿಗ್ಗೆ ಅಡಿಕೆ ಹಾಳೆಯೊಂದರಲ್ಲಿ ಅದನ್ನು ಮಲಗಿಸಿ, ಮೇಲೆ ಇನ್ನೊಂದು ಹಾಳೆ ಮುಚ್ಚಿ ಬಾಳೆನಾರಿನಲ್ಲಿ ಕಟ್ಟಿ, ನೀರು ನಿಲ್ಲದ ಎತ್ತರದ ಜಾಗವೆಂದು ಮುರುಗಲ ಮರದ ಬುಡದಲ್ಲಿ ಹುಗಿದೆವು. ನನ್ನನ್ನು ಯಾರಾದರೂ ಕೇಳಿದರೆ, ಆಗುವುದಾದರೆ ಪರೀಕ್ಷೆ ಮಾಡಿಸಿ ಎಂದೇ ಹೇಳುತ್ತೇನೆ. ಮಾಡಿಸಿದರೂ ಕೆಲವೊಮ್ಮೆ ಕಾರಣ ಸಿಗುವುದಿಲ್ಲವಂತೆ, ಆದರೆ ಆಗ ಗೊತ್ತಿಲ್ಲದಿರುವುದು ನಮ್ಮಿಂದಾದದ್ದು ಎಂಬ ಭಾರವಿರುವುದಿಲ್ಲ.

ಕಾರಣ ಸಿಗದ ಸಾವಿಗೆ ಮನೆಯ ಪ್ರತಿಯೊಬ್ಬರೂ ಒಂದೊಂದು ಕಾರಣವನ್ನು ತಾವೇ ಆರಿಸಿಕೊಂಡರು. "ಹಲ್ಲಿ ತಿಂಜು ಅದು, ಬೇರೆ ಎಂತೂ ಅಲ್ಲ" ಎಂಬುದು ಅತ್ತೆಯ ತೀರ್ಮಾನ. ಯಾರೂ ತಪ್ಪಿತಸ್ಥರಲ್ಲದ ಕಾರಣವಾದ್ದರಿಂದ ಅವರು ಅದನ್ನೇ ಬಂದವರಿಗೆಲ್ಲ ಹೇಳಿದರು. ಕೆಳಗಿನ ಮನೆಯ ಭಾವ, ಯಾರೋ ಇಲಿಪಾಷಾಣ ಇಟ್ಟಿದ್ದಾರೆ ಎಂದರು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಇಲಿಪಾಷಾಣವಾಗಿದ್ದರೆ ಎಲ್ಲಾದರೂ ರಕ್ತಸ್ರಾವ ಕಾಣುತ್ತಿತ್ತು, ಬೇರೆ ಬಗೆಯದಾಗಿದ್ದರೆ ಒಂಬತ್ತು ದಿನ ಬದುಕುವುದು ಕಷ್ಟವಿತ್ತು ಎಂದು ವೈದ್ಯರು ಹೇಳಿದ್ದನ್ನು ವಿವರಿಸಿದರೂ ಅವರು ಒಪ್ಪಲಿಲ್ಲ. ನನ್ನ ಕಾರಣಗಳು ಎರಡು: ಮೂರು ದಿನ ತಡ ಮಾಡಿದ್ದು, ಮತ್ತು ಹಾಲು ಮೊಸರನ್ನದಲ್ಲಿ ಸಾಕಿದ್ದು. ಬೆಕ್ಕಿಗೆ ಮಾಂಸದಿಂದಲೇ ಸಿಗಬೇಕಾದ ಟಾರಿನ್ ಎಂಬ ಅಂಶ ಕಡಿಮೆಯಾದರೆ ಹೃದಯ ಕೆಡುತ್ತದೆ ಎಂಬುದು 1987ರಷ್ಟು ಹಿಂದೆಯೇ ಪ್ರಕಟವಾದ ಸಂಗತಿ. ಜೀರಿಗೆಯ ಎಕ್ಸ್‌ರೇಯಲ್ಲಿ ಹೃದಯ ಸರಿಯಿತ್ತು, ದಿನ ಬಿಟ್ಟು ದಿನ ಇಲಿ ತಿನ್ನುತ್ತಿತ್ತು ಎಂಬ ಉತ್ತರ ನನ್ನ ಬಳಿಯೇ ಇದ್ದರೂ ಎಷ್ಟೋ ರಾತ್ರಿ ಆ ಪ್ರಶ್ನೆಯನ್ನು ಮತ್ತೆ ಕೇಳಿಕೊಂಡಿದ್ದೇನೆ.

ನನ್ನ ಗಂಡ ಏನನ್ನೂ ಹೇಳಲಿಲ್ಲ. ಅಡಿಕೆಗೆ ಕೊಳೆರೋಗ ಬಾರದಂತೆ ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೆಸುತ್ತೇವೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಆ ವರ್ಷದ ಎರಡನೆಯ ಔಷಧಿಯನ್ನು ಅಡಿಕೆ ಮರ ಹತ್ತುವ ಕೊನೆಗೌಡ ಬಂದು ಹೊಡೆದದ್ದು ಜೀರಿಗೆ ಹಾಲು ಬಿಟ್ಟ ದಿನಕ್ಕೆ ಎರಡೇ ದಿನ ಮೊದಲು ಎಂಬುದು ಕ್ಯಾಲೆಂಡರಿನಲ್ಲಿ ಅವರದೇ ಕೈಬರಹದಲ್ಲಿದೆ. ದ್ರಾವಣ ಕದಡಿದ ಡ್ರಮ್ಮಿನ ಸುತ್ತ ನೀಲಿ ನೀರು ಚೆಲ್ಲಿರುತ್ತದೆ, ಬೆಕ್ಕು ಅದರ ಮೇಲೆ ನಡೆದು ಪಾದ ನೆಕ್ಕಿಕೊಂಡಿದ್ದರೆ? ಇಷ್ಟು ವರ್ಷ ಎಷ್ಟು ಬೆಕ್ಕುಗಳು ಆ ಅಂಗಳದಲ್ಲಿ ಓಡಾಡಿವೆ, ಯಾವುದಕ್ಕೂ ಹೀಗಾಗಿಲ್ಲ ಎಂದು ನಾನು ಹೇಳಿದೆ. ಅವರು ತಲೆಯಾಡಿಸಿದರು. ವಾರದ ನಂತರ ನೋಡಿದರೆ ಮೈಲುತುತ್ತದ ಚೀಲ, ಡ್ರಮ್ಮು, ಕದಡುವ ಕೋಲು ಎಲ್ಲವೂ ಕೊಟ್ಟಿಗೆಯ ಪಕ್ಕದ ಕೋಣೆಗೆ ಹೋಗಿದ್ದವು, ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ಬೆಕ್ಕಿಗೆ ಹನ್ನೊಂದು ಸಾವಿರ ಖರ್ಚು ಮಾಡಿದಿರಂತೆ ಎಂದು ಮದುವೆಮನೆಯೊಂದರಲ್ಲಿ ನಕ್ಕ ನೆಂಟರಿಗೆ, ಅದು ಕಡಿಮೆಯಾಯಿತು ಎಂದು ಉತ್ತರಿಸಿದವರೂ ಅವರೇ.

ಬೆಂಗಳೂರಿನಿಂದ ರಕ್ತದ ಪಿಸಿಆರ್ ವರದಿ ಬಂದದ್ದು ಹುಗಿದ ಐದನೆಯ ದಿನ. ಹುಡುಕಿದ ಸೂಕ್ಷ್ಮಜೀವಿ ಇಲ್ಲ ಎಂದಿತ್ತು. ಹೀಗೆ ಒಂದು ಸಾಧ್ಯತೆ ಕಳೆಯಿತು, ಉಳಿದವು ಉಳಿದವು. ಯಾವುದು ನಿಜವೆಂದು ತಿಳಿಯದಿದ್ದುದರಿಂದ ಎಲ್ಲವೂ ನಿಜವೆಂಬಂತೆ ನಡೆದುಕೊಳ್ಳಬೇಕಾಯಿತು. ಕರಟವನ್ನೂ ಮಲಗುವ ಗೋಣಿಯನ್ನೂ ಸುಟ್ಟೆ, ಬಚ್ಚಲಿನ ಕಟ್ಟೆಯನ್ನು ಬ್ಲೀಚಿಂಗ್ ಪೌಡರಿನಲ್ಲಿ ತೊಳೆದೆ, ಎರಡನೆಯ ವರ್ಷ ಮರೆತಿದ್ದ ಲಸಿಕೆಯ ಚೀಟಿಯನ್ನು ಹುಡುಕಿ ಫ್ರಿಜ್ಜಿನ ಮೇಲೆ ಅಂಟಿಸಿದೆ. ಎಫ್‌ಐಪಿಯೇ ಆಗಿದ್ದರೆ ಅದರ ಮೂಲದ ವೈರಸ್ ಕೆಲವು ವಾರ ಹೊರಗೆ ಬದುಕಿರಬಲ್ಲದು, ಆದ್ದರಿಂದ ಹೊಸ ಮರಿಯನ್ನು ತರುವುದಾದರೂ ಎರಡು ತಿಂಗಳು ಬಿಡಿ ಎಂದು ವೈದ್ಯರು ಹೇಳಿದ್ದರು. ಹೊಸ ಮರಿಯ ಮಾತನ್ನು ನಾನು ಎತ್ತಿರಲಿಲ್ಲ, ಅದು ಅವರಾಗಿಯೇ ಹೇಳಿದ್ದು. ಬಾಗಿಲ ಹೊರಗಿದ್ದ ಅತ್ತೆಗೆ ಅದು ಕೇಳಿಸಿತ್ತೆಂಬುದು ನನಗೆ ತಿಳಿದಿರಲಿಲ್ಲ.

ಚೌತಿಯ ಮರುದಿನ ಪಂಚಕಜ್ಜಾಯ ಕೊಡಲು ಬಂದ ಕೆಳಗಿನ ಮನೆಯ ಅಕ್ಕ, ತಮ್ಮ ಬೆಕ್ಕು ನಾಲ್ಕು ಮರಿ ಹಾಕಿದೆ, ಒಂದು ಥೇಟ್ ಜೀರಿಗೆಯ ಬಣ್ಣ, ಒಯ್ಯುತ್ತೀರಾ ಎಂದು ಕೇಳಿದರು. ನಾನು ಉತ್ತರ ಹುಡುಕುತ್ತಿರುವಾಗ ಅತ್ತೆ ಎದ್ದು ಅಡುಗೆಮನೆಯ ಬಾಗಿಲ ಹಿಂದೆ ಹೋಗಿ, ಕ್ಯಾಲೆಂಡರಿನ ಸೆಪ್ಟೆಂಬರ್ ಪುಟವನ್ನು ಎತ್ತಿ ಹಿಂದಿನ ಪುಟಗಳನ್ನು ತಿರುಗಿಸಿ ವಾರಗಳನ್ನು ಬೆರಳಲ್ಲಿ ಎಣಿಸಿ ಬಂದರು. ಇನ್ನೂ ಮೂರು ವಾರ ಬಾಕಿ ಇದೆ, ಅಲ್ಲಿಯವರೆಗೆ ಮರಿ ತಾಯಿಯ ಹತ್ತಿರವೇ ಇರಲಿ, ಬೇರೆ ಬಣ್ಣದ್ದನ್ನು ಕೊಡಿ ಎಂದರು.